ಕೂಡದ ಕಸಿ

ಅರವತ್ತರ ದಶಕದ ಕೊನೆಯಲ್ಲಿ ನಾನು ಕುಕ್ ಟೌನಿನ ಒಂದು ನರ್ಸರಿಯಲ್ಲಿ ಪೀಚ್ ಗಿಡಗಳಿಗೆ ಕಸಿ ಕಟ್ಟುತ್ತಿದ್ದೆ. ಕೆಳಗಿನ ಬೇರುಗಿಡ ಯಾವುದೆನ್ನುವುದರ ಮೇಲೆ ಮರದ ಆಯಸ್ಸು, ಹಣ್ಣಿನ ರುಚಿ ಎರಡೂ ನಿಂತಿವೆ ಎಂದು ಯಜಮಾನರು ಮೊದಲ ದಿನವೇ ಹೇಳಿದ್ದರು. ಕಾಡು ಪೀಚಿನ ಸಸಿಯಾದರೆ ಮರ ಗಟ್ಟಿ, ಫಸಲೂ ಜಾಸ್ತಿ. ಪ್ಲಮ್ ಸಸಿಯಾದರೆ ಕಸಿ ಒಳಗೊಳಗೇ ಕೂಡದೆ ಉಳಿದು, ಎಷ್ಟೋ ವರ್ಷದ ಮೇಲೆ ಗಾಳಿಗೆ ಮುರಿದು ಬೀಳಬಹುದು.

ಒಂದು ದಿನ ಅವಸರದಲ್ಲಿ ಪ್ಲಮ್ ಸಸಿಯೊಂದಕ್ಕೆ ಪೀಚಿನ ಚಿಗುರುಕಣ್ಣು ಕೂರಿಸಿ ಕಸಿ ಕಟ್ಟಿಬಿಟ್ಟೆ. ಗೊತ್ತಾಗುವಷ್ಟರಲ್ಲಿ ಶಿವಾಜಿನಗರದ ಬಟ್ಟೆ ವ್ಯಾಪಾರಿಯೊಬ್ಬರು ಆ ಗಿಡವನ್ನು ಕೊಂಡುಹೋಗಿದ್ದರು. ಕೆಲಸ ಹೋಗುತ್ತದೆಂದು ಹೆದರಿ ಬಾಯಿ ಬಿಡಲಿಲ್ಲ.

ನಾಲ್ಕು ವರ್ಷದ ಮೇಲೆ ಯಜಮಾನರು ಗೊಬ್ಬರ ಹಾಕಲು ನನ್ನನ್ನೇ ಆ ಮನೆಗೆ ಕಳಿಸಿದರು. ಮರ ಕಾಂಪೌಂಡ್ ಗೋಡೆ ದಾಟಿತ್ತು. ಕಸಿಯ ಜಾಗ ಗಂಟಿನಂತೆ ಊದಿತ್ತು. ಅದರ ಬುಡದಲ್ಲೇ ವ್ಯಾಪಾರಿಯ ಸೊಸೆ, ತುಂಬು ಬಸುರಿ, ಚಾಪೆ ಹಾಸಿ ಕೂತಿದ್ದಳು.

"ಬಿಡೋದು ನಾಲ್ಕೇ ಹಣ್ಣು ಅಕ್ಕಾ, ಆದ್ರೆ ಸಕ್ಕರೆ!" ಎಂದಳು.

ನಾನು ಗೊಬ್ಬರ ಹಾಕಿ ಬಂದುಬಿಟ್ಟೆ. ಆಮೇಲೆ ಗಾಳಿ ಬೀಸಿದರೆ ಸಾಕು, ಕೆಲಸ ಬಿಟ್ಟು ಶಿವಾಜಿನಗರದ ಕಡೆ ನೋಡುತ್ತಿದ್ದೆ.

ಮರುವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ಧೂಳು ಎದ್ದಿತು. ಚಾಕು ಅಲ್ಲೇ ಬಿಸಾಡಿ ಶಿವಾಜಿನಗರದವರೆಗೂ ಓಡಿದೆ. ಆ ಹುಡುಗಿ ಮರದ ಕೆಳಗೆ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದಳು.

"ಒಳಗೆ ಬಾಮ್ಮಾ, ಮರ ಬೀಳತ್ತೆ!"

"ಕ್ಯಾ ಅಕ್ಕಾ, ಇಷ್ಟು ಗಾಳಿಗೆ ಹೆದರ್ತೀರಾ?" ಎಂದು ನಕ್ಕಳು. ನಾನು ತೋಳು ಹಿಡಿದು ಜಗುಲಿಗೆ ಎಳೆದುಕೊಂಡೆ. ಮಳೆ ಬಂದು ಹೋಯಿತು. ಮರ ನಿಂತೇ ಇತ್ತು.

ಅವಳ ಅತ್ತೆ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. ಇನ್ನು ಮುಚ್ಚಿಡಲಾಗಲಿಲ್ಲ, ಅಳುತ್ತಲೇ ಎಲ್ಲ ಹೇಳಿದೆ. ಅವರು ಮರ ಕಡಿಸಲು ಎದುರಂಗಡಿಯ ಬಡಗಿಯನ್ನು ಕರೆಸಿದರು. ಅವನು ಗರಗಸ ಹಚ್ಚುವ ಮೊದಲು ಕಾಂಡವನ್ನು ಭುಜದಿಂದ ಒಮ್ಮೆ ತಳ್ಳಿದ, ಅಷ್ಟೇ. ಮರ ಗಂಟಿನ ಹತ್ತಿರ ಪಟ್ಟನೆ ಕಳಚಿ ಚಾಪೆ ಹಾಸುತ್ತಿದ್ದ ಜಾಗದ ಮೇಲೇ ಬಿತ್ತು. ಮುರಿದ ಕಡೆ ಒಂದು ನಾರೂ ಎದ್ದಿರಲಿಲ್ಲ, ತಟ್ಟೆಯಂತೆ ನುಣ್ಣಗಿತ್ತು.

ಯಜಮಾನರಿಗೂ ಅವತ್ತೇ ಹೇಳಿದೆ. "ಇಷ್ಟು ವರ್ಷ ಹೆಂಗಮ್ಮಾ ಸುಮ್ನಿದ್ದೆ?" ಎಂದರು. ಕೆಲಸದಿಂದ ತೆಗೆಯಲಿಲ್ಲ, ಆದರೆ ಆ ವರ್ಷವಿಡೀ ಕಸಿ ಚಾಕು ಕೊಡಲಿಲ್ಲ.

ಮುಂದಿನ ತಿಂಗಳು ಆ ಹುಡುಗಿಗೆ ಹೆಣ್ಣುಮಗುವಾಯಿತು. ನೋಡಲು ಬರಬೇಕೆಂದು ಹೇಳಿ ಕಳಿಸಿದ್ದರು. ಹೋಗುವ ಧೈರ್ಯ ನನಗೆ ಬರಲಿಲ್ಲ.