ತವರಿನಲ್ಲೂ ಮೂಡಿದ ಕಲೆಗಳು: ಡಾ. ಶಹಾಬುದ್ದೀನ ಅತ್ತಾರ ಅವರ ವೈದ್ಯಸೇವೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಬಹುಕಾಲದವರೆಗೆ ಜ್ವರಕ್ಕೆ ಮೂರೇ ಹೆಸರುಗಳಿದ್ದವು. ನಡುಗಿಸಿದರೆ ಚಳಿಜ್ವರ, ವಾರಗಟ್ಟಲೆ ಹಿಡಿದರೆ ಮುದ್ದತಿನ ಜ್ವರ, ಯಾವ ಔಷಧಕ್ಕೂ ಬಗ್ಗದಿದ್ದರೆ ಗಾಳಿಯ ಕಾಟ. ಈ ಮೂರು ಹೆಸರುಗಳಿಂದ ತೃಪ್ತರಾಗದೆ, ಬಿಡದ ಜ್ವರದ ಬೆನ್ನುಹತ್ತಿ ಎಲುಬಿನೊಳಗಿನ ಮಜ್ಜೆಯವರೆಗೆ ಹೋಗಿ, ಅಲ್ಲಿ ಅಡಗಿ ಕುಳಿತ ರಕ್ತದ ಕ್ಯಾನ್ಸರನ್ನು ಹಿಡಿದು ತೋರಿಸಿದ ವೈದ್ಯರು, ಈ ವರ್ಷ, ೧೯೬೭ರಲ್ಲಿ, ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿರುವ ಸನ್ಮಾನ್ಯ ಡಾ. ಶಹಾಬುದ್ದೀನ ಅತ್ತಾರ ಅವರು. ಅಭಿನಂದನ ಗ್ರಂಥದ ಮಾತೆತ್ತಿದಾಗ ಅವರು ಹೇಳಿದ್ದು ಇಷ್ಟೇ: “ಸಾತವ್ವನ ಸಂಗತಿ ಬರೀರಿ. ಅದನ್ನ ಬಿಟ್ಟು ಬರಿಯೂದಿದ್ರ ಗ್ರಂಥಾನ ಬ್ಯಾಡ.” ಹಿರಿಯರ ಆಜ್ಞೆಯನ್ನು ಪಾಲಿಸಲಾಗಿದೆ.

ಬಿಜಾಪುರದ ಅತ್ತರು ಮಾರುವ ಮನೆತನದಲ್ಲಿ ಹುಟ್ಟಿ, ಪುಣೆಯಲ್ಲಿ ವೈದ್ಯಕೀಯ ಓದಿ, ಆಗಿನ ಮುಂಬಯಿ ಸರ್ಕಾರದ ನೌಕರಿ ಹಿಡಿದು ಅವರು ಮೊದಲು ಬಂದದ್ದು ಇಂಡಿಗೆ. ಕಾಲರಾ ಬಂದ ವರ್ಷ ಊರಿಗೆ ಊರೇ ಹೊಲಗಳಿಗೆ ಓಡಿದಾಗ, ಮಡದಿ ಸಗೀರಾ ಅವರೊಂದಿಗೆ ದವಾಖಾನೆಯ ಅಂಗಳದಲ್ಲೇ ಒಲೆ ಹೂಡಿ ರೋಗಿಗಳಿಗೆ ಗಂಜಿ ಕಾಯಿಸಿದವರು ಅವರು. ಸಿಂದಗಿಯಲ್ಲಿ ರಮಜಾನಿನ ಉಪವಾಸವಿದ್ದು ದಿನವಿಡೀ ದುಡಿಯುವ ಅವರನ್ನು ನೋಡಿ, ಹೊಟ್ಟೆಯ ಆಪರೇಶನ್ ಮಾಡಿಸಿಕೊಂಡು ಮಲಗಿದ್ದ ಯಲ್ಲವ್ವನೆಂಬ ಮುದುಕಿ, “ಡಾಕ್ಟರು ಉಣ್ಣೂಮಟಾ ನಾನೂ ಉಣ್ಣಂಗಿಲ್ಲ” ಎಂದು ಹಟ ಹಿಡಿದಳಂತೆ. “ಯಮ್ಮಾ, ನನ್ನ ರೋಜಾದ ಪುಣ್ಯಾ ನೀ ಹೊಡಕೊಂಡ ಹೋಗಬ್ಯಾಡ, ಸುಮ್ನ ಉಣ್ಣು” ಎಂದು ಗದರಿಸಿ ಉಣಿಸಿದರು. ಮುದ್ದೇಬಿಹಾಳದಲ್ಲಿ ಸಾಹುಕಾರನೊಬ್ಬ ಸೊಸೆಯ ಬೆನ್ನು ಸುಟ್ಟದ್ದನ್ನು, ಯಾರ ಮುಲಾಜಿಗೂ ಮಣಿಯದೆ, ಕೋರ್ಟಿನಲ್ಲಿ ನಿಂತು ಹೇಳಿದವರೂ ಇವರೇ. ಅಂದಿನಿಂದ ಹೆಣ್ಣುಮಕ್ಕಳ ಪಾಲಿಗೆ ಅತ್ತಾರ ಡಾಕ್ಟರರೆಂದರೆ ತವರುಮನೆಯ ಅಣ್ಣ. ಆ ಹೆಸರು ಅವರಿಗೆ ಹೆಮ್ಮೆಯದಾಗಿತ್ತು. ಮುಂದೆ ಎಡವಿದ್ದೂ ಅದೇ ಹೆಮ್ಮೆಯ ಕಾಲಿನಿಂದ.

೧೯೫೮ರಲ್ಲಿ ಅವರು ಬಸವನ ಬಾಗೇವಾಡಿಯಲ್ಲಿದ್ದರು. ಇಂಗಳೇಶ್ವರದ ಕಡೆಯ ಒಂದು ಹಳ್ಳಿಯಿಂದ ಕಲ್ಲು ಒಡೆಯುವ ಸಿದ್ದರಾಯ ತನ್ನ ಹೆಂಡತಿ ಸಾತವ್ವನನ್ನು ಕರೆತಂದ. ಜ್ವರ. ಕ್ವಿನೈನ್ ಕೊಟ್ಟರು, ಬಿಡಲಿಲ್ಲ. ಮುದ್ದತಿನ ಜ್ವರದ ಔಷಧ ಕೊಟ್ಟರು, ಬಿಡಲಿಲ್ಲ. ಮೂರನೆಯ ಸಲ ಬಂದದ್ದು ಸಂತೆಯ ದಿನ, ದವಾಖಾನೆಯ ಪಡಸಾಲೆ ತುಂಬಿ ಜನ. ಸಾತವ್ವನ ತೋಳಿನ ಮೇಲೆ, ಬೆನ್ನಿನ ಮೇಲೆ ಕಪ್ಪು-ನೀಲಿ ಕಲೆಗಳು. ಡಾಕ್ಟರರು ಜ್ವರವನ್ನು ಮರೆತರು.

“ಕಲ್ಲು ಒಡಿಯೂ ಕೈಯಿಂದ ಹೆಂಡತೀನ್ನೂ ಒಡಿತೀಯೇನಲೇ?” ಎಂದು ಎಲ್ಲರೆದುರು ಗುಡುಗಿದರು.

“ನಾ ಮುಟ್ಟಿಲ್ರಿ ಸಾಹೇಬ್ರ. ಆಕೀನ್ನ ಕೇಳ್ರಿ.”

“ಅಂವ ಹೊಡದಿಲ್ರಿ,” ಎಂದಳು ಸಾತವ್ವ. “ತಾನ ಮೂಡತಾವ್ರಿ. ಕೊಡಾ ಎತ್ತಿದ್ರೂ ಮೂಡತಾವ್ರಿ.”

ದವಾಖಾನೆಯ ಸೂಲಗಿತ್ತಿ ಪೀರಬಿ ನಕ್ಕಳು. “ಎಲ್ಲಾರೂ ಹಿಂಗ ಅಂತಾರವ್ವಾ. ಬಾಗಲಾ ಬಡೀತು, ಕಂಬಾ ಬಡೀತು. ನಮ್ಮ ಸೀಮ್ಯಾಗ ಕಂಬಕ್ಕ ಭಾಳ ಸಿಟ್ಟು ನೋಡ್ರಿ!”

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಡಾಕ್ಟರರೂ ನಕ್ಕರು.

ಆ ಹಳ್ಳಿಯ ಗೌಡರಾದ ಗುರುಲಿಂಗಪ್ಪನವರು ಅಂದು ಅಲ್ಲಿಯೇ ಇದ್ದರು. ಡಾಕ್ಟರರು ಅವರತ್ತ ತಿರುಗಿ, “ನಿಮ್ಮ ಊರಾಗ ಇಂಥಾವ ಇರೂದು ನಿಮಗೂ ಶೋಭಾ ಅಲ್ರಿ” ಎಂದರು. ದೊಡ್ಡವರ ಮಾತು ಹಳ್ಳಿ ಮುಟ್ಟುವುದರೊಳಗೆ ತೀರ್ಪಾಗಿತ್ತು. ಸಿದ್ದರಾಯನಿಗೆ ಬೆಂಕಿ-ನೀರು ಬಂದ್. ಕಟ್ಟೆಯ ಮೇಲೆ ಕೂಡುವಂತಿಲ್ಲ, ಬಾವಿ ಮುಟ್ಟುವಂತಿಲ್ಲ, ಅವನೊಂದಿಗೆ ಮಾತಾಡಿದವನಿಗೂ ಅದೇ ಗತಿ. ಸಾತವ್ವನನ್ನು ನಿಡಗುಂದಿಯ ಹತ್ತಿರದ ತವರಿಗೆ ಒಯ್ದು ಬಿಟ್ಟರು. ಹೆಣ್ಣುಮಗಳೊಬ್ಬಳನ್ನು ಕಾಪಾಡಿದೆವೆಂದು ಊರು ಎದೆಯುಬ್ಬಿಸಿತು. ಹೋಗುವಾಗ ಆಕೆ ಗಾಡಿಯಿಂದ ಇಳಿಯಲು ನೋಡಿದಳಂತೆ. ನಾಲ್ಕು ಮಂದಿ ಹಿಡಿದು ಕೂಡಿಸಿದರಂತೆ.

ತಿಂಗಳು ಕಳೆದ ಮೇಲೆ ತಾಯಿ ಕಸ್ತೂರೆವ್ವ ಮಗಳನ್ನು ಬಸ್ಸಿನಲ್ಲಿ ಕರೆತಂದಳು. ಜ್ವರ ಹಾಗೆಯೇ ಇತ್ತು. ಒಸಡಿನಿಂದ ರಕ್ತ ಜಿನುಗುತ್ತಿತ್ತು. ತಾಯಿ ಮಗಳ ಕುಪ್ಪಸದ ತೋಳು ಮೇಲೆ ಸರಿಸಿದಳು. ಹೊಸ ಕಲೆಗಳು.

“ಅಳಿಯಾ ನಮ್ಮ ಹೊಚ್ಚಲಾ ದಾಟಿಲ್ರಿ,” ಎಂದಳು ಕಸ್ತೂರೆವ್ವ. “ಈಗ ಯಾರು ಹೊಡದಾರ್ರಿ ಸಾಹೇಬ್ರ? ನಾನಾ?”

ಆ ತೋಳನ್ನು ಕಂಡಾಗ ಡಾಕ್ಟರರಿಗೆ ರೋಗ ಹೊಳೆಯುವುದಕ್ಕಿಂತ ಮೊದಲು ಸಂತೆಯ ದಿನದ ತಮ್ಮ ನಗು ಕಿವಿಗೆ ಬಿತ್ತು. ಬೆರಳು ಚುಚ್ಚಿ ತೆಗೆದ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಿಳಿಕಣಗಳು ತೀರ ಕಡಿಮೆ; ಕೆಟ್ಟ ಕಣ ಒಂದೂ ಕಾಣಲಿಲ್ಲ. ಬೇರೆ ವೈದ್ಯರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಇವರು ಎದೆಯ ನಡು ಎಲುಬಿಗೆ ದಪ್ಪ ಸೂಜಿ ಇಳಿಸಿ ಮಜ್ಜೆ ತೆಗೆದರು. ಅಲ್ಲಿ, ಇರಬೇಕಾದ ಕಣಗಳನ್ನೆಲ್ಲ ಹೊರದೂಡಿ, ಬೆಳೆಯದ ಒಂದೇ ಜಾತಿಯ ಕಣಗಳು ಕಿಕ್ಕಿರಿದಿದ್ದವು. ಹರಿಯುವ ರಕ್ತದಲ್ಲಿ ಮುಖ ತೋರಿಸದೆ ಮಜ್ಜೆಯಲ್ಲೇ ಅಡಗುವ, ಅಪರೂಪದ ರಕ್ತದ ಕ್ಯಾನ್ಸರು. ರಕ್ತ ಹೆಪ್ಪುಗಟ್ಟಿಸುವ ಕಣಗಳೇ ಇಲ್ಲದ ಮೈಯಲ್ಲಿ ಕೊಡ ತಾಗಿದರೂ ಕಲೆ ಮೂಡುತ್ತದೆ. ಸಾತವ್ವ ಹೇಳಿದ್ದೂ ಅದನ್ನೇ.

ಗಾಜುಗಳು ಮಿರಜದ ದೊಡ್ಡ ಆಸ್ಪತ್ರೆಗೆ ಹೋಗಿ, ಅದೇ ಉತ್ತರ ಹೊತ್ತು ತಿರುಗಿ ಬಂದವು. ಅಂದು ಈ ರೋಗವನ್ನು ವಾಸಿಮಾಡುವ ಔಷಧವಿರಲಿಲ್ಲ. ರಕ್ತ ಏರಿಸಿದರೆ ಕೆಲವು ದಿನ ಸಿಕ್ಕಾವು ಎಂದಾಗ ಸಾತವ್ವ ಬೇಡವೆಂದು ತಲೆಯಾಡಿಸಿದಳು. “ದಿನಾ ಯಾಕ್ರಿ? ನನ್ನ ಜೀವಾ ಹೋಗೂದ್ರಾಗ ಅಂವನ ಮ್ಯಾಲಿನ ಮಾತು ತಗಸ್ರಿ. ಹೆಂಡತೀನ್ನ ಕೊಂದಾಂವ ಅಂತ ಅಂವ ಬದಕಬಾರದ್ರಿ.”

ಕಸ್ತೂರೆವ್ವ ಮಗಳನ್ನು ತವರಿಗೆ ತಿರುಗಿ ಕರೆದೊಯ್ದಳು. ಮರುದಿನವೇ ಡಾಕ್ಟರರು ಸಿದ್ದರಾಯನ ಹಳ್ಳಿಗೆ ಹೋದರು. ಕಟ್ಟೆಯ ಮೇಲೆ ಹಾಸಿದ ಜಮಖಾನೆಯನ್ನು ಬಿಟ್ಟು ಕೆಳಗೆ ಮಣ್ಣಿನಲ್ಲಿ ಕುಳಿತು, ಇದ್ದದ್ದನ್ನು ಇದ್ದಂತೆ ಹೇಳಿದರು.

ಗುರುಲಿಂಗಪ್ಪನವರು ಮೀಸೆ ತಿರುವಿದರು. “ನೀವ ಹೇಳಿದ್ರಿ, ನಾವು ಮಾಡಿದಿವಿ. ಈಗ ತಿರುಗಿ ಅಲ್ಲ ಅಂದ್ರ ಊರು ಮುಖಾ ಎಲ್ಲಿ ಇಡಬೇಕ್ರಿ? ಸ್ವಲ್ಪ ತಡೀರಿ, ತಾನ ಮರೀತಾರ.”

“ತಡಿಯಾಕ ಆಕೀ ಕಡೆ ದಿನಾ ಇಲ್ಲ ಗೌಡ್ರ. ತಪ್ಪು ನಂದು. ಅಂವಗ ಮಾಡಿದ್ದ ಬಂದ್ ನನಗ ಮಾಡ್ರಿ.”

ಆಗ ಗೌಡರ ಸ್ವಂತ ಅತ್ತೆ, ಮುದುಕಿ ಚಂದವ್ವ, ಕಟ್ಟೆಯ ಎದುರಿನ ಮನೆಯ ಬಾಗಿಲಲ್ಲೇ ನಿಂತು ಕೂಗಿದಳು: “ಗೌಡಾ, ಮುಖಾ ಇಡೂ ಜಾಗಾ ಆಮ್ಯಾಲ ಹುಡುಕೊ. ಮದಲ ಆ ಹುಡುಗಗ ಒಂದ್ ಕೊಡಾ ನೀರು ಕೊಡು!”

ಬಂದ್ ಮುರಿಯಿತು. ಊರ ಹೊರಗೆ, ಕಲ್ಲು ತೆಗೆದ ಗುಂಡಿಯ ಹಸಿರುಗಟ್ಟಿದ ನೀರು ಕುಡಿದುಕೊಂಡಿದ್ದ ಸಿದ್ದರಾಯನನ್ನು ಕರೆಸಿದರು. ಅವನು ಕಟ್ಟೆ ಹತ್ತಲಿಲ್ಲ. ಡಾಕ್ಟರರನ್ನು ನೋಡಿ, “ಊರಿಗೆ ಹೇಳಿದ್ರಿ. ಆಕೀಗ ಹೇಳಿದ್ರೇನ್ರಿ?” ಎಂದ.

ಹೇಳಿರಲಿಲ್ಲ. ರೋಗದ ಹೆಸರು ಹೇಳಿದ್ದರು, ತಮ್ಮ ತಪ್ಪನ್ನಲ್ಲ.

ಇಬ್ಬರೂ ಒಂದೇ ಬಸ್ಸಿನಲ್ಲಿ ನಿಡಗುಂದಿಗೆ ಹೋದರು. ಗಂಡನನ್ನು ಕಂಡು ಸಾತವ್ವ ಸೆರಗಿನಿಂದ ಬಾಯಿಯ ರಕ್ತ ಮುಚ್ಚಿಕೊಂಡಳು. “ಯವ್ವಾ, ನೀ ಹೇಳಿದ್ದು ನಾ ಕೇಳಲಿಲ್ಲ” ಎಂದರು ಡಾಕ್ಟರರು. “ಈಗ ಬಂದೀರಲ್ರಿ, ಕೂಡ್ರಿ ಹಂಗಾರ,” ಎಂದು, ಜ್ವರ ಹೇಗೆ ಏರುತ್ತದೆ, ಎದೆಯ ಎಲುಬು ಹೇಗೆ ಒಳಗಿಂದ ಕುಟ್ಟುತ್ತದೆ ಎಂದು ತಡೆದು ತಡೆದು ಹೇಳಿದಳು. ಅವರು ಒಂದೇ ಒಂದು ಸಲವೂ ಮಾತು ಕತ್ತರಿಸಲಿಲ್ಲ. ಆ ವಾರದೊಳಗೆ ಸಾತವ್ವ ಗಂಡನ ತೊಡೆಯ ಮೇಲೆ ತೀರಿಕೊಂಡಳು.

ಅನಂತರದ ವರ್ಷಗಳಲ್ಲಿ, ಕಾರಣ ಕಾಣದ ಜ್ವರ ಎಲ್ಲಿದ್ದರೂ ನಾಲ್ಕೂ ತಾಲೂಕುಗಳಿಂದ ಡಾಕ್ಟರರಿಗೆ ಕರೆ ಬರುತ್ತಿತ್ತು. ಬೇರೆ ಕಾರಣ ಸಿಕ್ಕು ಬಹಳ ಜನ ಗುಣವಾದರು. ಕೆಲವರ ಮಜ್ಜೆಯಲ್ಲಿ ಮಾತ್ರ ಆ ಕಣಗಳು ಕಂಡವು. ಮುದ್ದೇಬಿಹಾಳದ ಅಬಿದಾ ಎಂಬವಳ ಮೈಮೇಲೆ ಕಲೆ ಕಂಡು ನೆರೆಯವರು ಗುಸುಗುಸು ಶುರುಮಾಡಿದಾಗ, ಡಾಕ್ಟರರು ಮಜ್ಜೆ ನೋಡಿ, ಔಷಧ ಬರೆಯುವ ಮೊದಲು ಓಣಿಯಲ್ಲಿ ನಿಂತು ಅವಳ ಅತ್ತೆ ಮತ್ತು ಗಂಡನ ಮೇಲಿನ ಸುಳ್ಳನ್ನು ಒರೆಸಿದರು. ನಿಜವಾಗಿ ಹೊಡೆತ ತಿಂದವರೂ ಬಾಯಿ ಬಿಟ್ಟದ್ದು ಅವರ ಮುಂದೆಯೇ, ಏಕೆಂದರೆ ಅವರು ಮಾತನ್ನು ಕೊನೆಯವರೆಗೂ ಕೇಳುತ್ತಿದ್ದರು.

ಡಾಕ್ಟರರು ತಮ್ಮ ಪಾಲಿನದನ್ನು ಒಪ್ಪಿದರು. ಊರವರಾದ ನಮ್ಮ ಪಾಲಿನದು? ಗೌಡರ ಮನೆಯ ಸೊಸೆಯ ಮೈಮೇಲೆ ಅವೇ ಕಲೆಗಳು ಮೂಡಿದ್ದರೆ ನಾವು ಮೊದಲು ರೋಗವೆನ್ನುತ್ತಿದ್ದೆವು. ಕಲ್ಲು ಒಡೆಯುವವನ ಹೆಂಡತಿಯಾದ್ದರಿಂದ ಹೊಡೆತವೆಂದೆವು. ಹೆಣ್ಣಿನ ಪರವೆಂದು ಕೂಗಿದ ನಾವು ಆ ಹೆಣ್ಣಿನ ಬಾಯನ್ನೇ ಮುಚ್ಚಿದೆವು. ಈ ಗ್ರಂಥಸಮಿತಿಯ ಅಧ್ಯಕ್ಷರಾದ ಗುರುಲಿಂಗಪ್ಪನವರು ಈ ಸಾಲುಗಳನ್ನು ಓದಿಯೂ ಒಂದನ್ನೂ ಹೊಡೆದುಹಾಕಲಿಲ್ಲ. ಅದಕ್ಕಾಗಿ ಅವರಿಗೆ ವಂದನೆಗಳು. ಸಿದ್ದರಾಯನನ್ನು ಸಮಾರಂಭಕ್ಕೆ ಆಹ್ವಾನಿಸಲು ಹೋದವರಿಗೆ ಅವನು, “ಡಾಕ್ಟರ ಮನೀಗೆ ನಾ ಹೋಗಿ ಬರ್ತೇನ್ರಿ. ನಿಮ್ಮ ಮಂಟಪಕ್ಕ ಒಲ್ಲೆ” ಎಂದ. ಅದು ಸರಿಯೇ.

ಪೂಜ್ಯ ಡಾಕ್ಟರರು ಆಯುರಾರೋಗ್ಯವಂತರಾಗಿ ಬಹುಕಾಲ ಬಾಳಲಿ. ನೌಕರಿ ಮುಗಿದರೂ ಅವರ ಸೂಕ್ಷ್ಮದರ್ಶಕಕ್ಕೆ ಬಿಡುವು ಸಿಗದಿರಲಿ, ಜ್ವರ ಬಿಡದವರಿಗೆ ಅವರ ಮನೆಯ ಬಾಗಿಲು ತೆರೆದೇ ಇರಲಿ. ಮಂಟಪದಲ್ಲಿ ಅವರ ಕೊರಳಿಗೆ ಹಾರ ಬೀಳುವಾಗ ನಾವು ಚಪ್ಪಾಳೆ ತಟ್ಟೋಣ. ತಲೆಯೆತ್ತಿ ತಟ್ಟುವ ಯೋಗ್ಯತೆ ಮಾತ್ರ ನಮಗಿನ್ನೂ ಬಂದಿಲ್ಲ.