ಎರಡು ಊರು, ಒಂದು ಗುರುತು

ಕಳೆದ ಜುಲೈ ಕೊನೆಯ ಸೋಮವಾರ ಬೆಳಗ್ಗೆ ಕಪಿಲಾ ಹೊಳೆ ಏರುತ್ತಿದ್ದಾಗ, ನಾವಿಬ್ಬರು ಬರೆದ ಪ್ರೋಗ್ರಾಂ ನಂಜನಗೂಡು ಕಡೆಯ ಹೊಳೆದಂಡೆ ರೈತರ ಫೋನುಗಳಿಗೆ ‘ನೀರು ಇಳಿದಿದೆ’ ಎಂದು ಎರಡು ಸಲ ಸಂದೇಶ ಕಳಿಸಿತು. ಎರಡು ಸಲವೂ ನೀರು ಇಳಿದಿರಲಿಲ್ಲ. ಎರಡನೆಯದನ್ನು ನಂಬಿ ಒಬ್ಬ ರೈತರು ತಮ್ಮ ಪಂಪಿನ ಮೋಟಾರು ಬಿಚ್ಚಿ ತರಲು ಹೊಳೆಯ ಕಡೆ ಹೋದರು.

ನಾವಿಬ್ಬರು ಎಂದರೆ, ನಂಜನಗೂಡಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಡಂ ಮತ್ತು ನಾನು. ನಾನು ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ಕಾಲ ಕೆಲಸ ಮಾಡಿ ಬಿಟ್ಟು, ತಾಂಡವಪುರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಸುದ್ದಿ ಪ್ರತಿಗಳನ್ನು ವಿಂಗಡಿಸಲು ಅಲ್ಲೇ ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತಿದ್ದೆ. ಅಷ್ಟೇ ನನ್ನ ಅರ್ಹತೆ. ಮಿಕ್ಕದ್ದು ಮೇಡಂ ಅವರದು.

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅಧಿಕಾರಿಗಳು ಕ್ಯೂಸೆಕ್ ಲೆಕ್ಕದಲ್ಲಿ ಎಚ್ಚರಿಕೆ ಕೊಡುತ್ತಾರೆ. ಹೊಳೆದಂಡೆಯವರು ಆ ಲೆಕ್ಕವನ್ನು ಕೇಳಿಸಿಕೊಂಡು, ಆಮೇಲೆ ಒಬ್ಬರನ್ನೊಬ್ಬರು ಕೇಳುವುದು ಬೇರೆಯದನ್ನೇ: “ಮಂಟಪ ಎಷ್ಟು ಮುಳುಗದೆ?” ನಂಜನಗೂಡಿನ ಸ್ನಾನಘಟ್ಟದ ಹತ್ತಿರ ಹೊಳೆಯಲ್ಲಿರುವ ಹದಿನಾರು ಕಾಲು ಮಂಟಪ ಅದು. ಕಟ್ಟೆ ಮುಟ್ಟಿದರೆ ದನ ಬಿಚ್ಚಬೇಕು, ಕಂಬದ ಸೊಂಟಕ್ಕೆ ಬಂದರೆ ಹೊಳೆಯ ಹತ್ತಿರ ಸುಳಿಯಬಾರದು ಎಂದು ಹಳ್ಳಿಗಳಲ್ಲಿ ಅವರವರ ಲೆಕ್ಕವಿದೆ. ಕೆಳಗೆ ತಿ.ನರಸೀಪುರದವರೆಗೂ ಜನ ಈ ಮಂಟಪವನ್ನೇ ಕೇಳುತ್ತಾರೆ. ಹೀಗಾಗಿ ನಮ್ಮ ಸಂದೇಶಗಳಲ್ಲಿ ಕ್ಯೂಸೆಕ್ ಇರಲಿಲ್ಲ. ಫೋನಿನಲ್ಲಿ ನಾಲ್ಕು ಗುಂಡಿ ಇಟ್ಟಿದ್ದೆವು: ಕಟ್ಟೆಗಿಂತ ಕೆಳಗೆ, ಕಟ್ಟೆ, ಕಂಬದ ಸೊಂಟ, ಕಂಬದ ತಲೆ. ಘಟ್ಟದಲ್ಲಿ ಮುಡಿ ತೆಗೆಯುವ ಕ್ಷೌರಿಕರೊಬ್ಬರು ದಿನಾ ಬೆಳಗ್ಗೆ ನೋಡಿ ಒಂದನ್ನು ಒತ್ತುತ್ತಿದ್ದರು.

ನಾವು ಬಳಸಿದ್ದು ಸ್ಕ್ರಿಪ್ಟ್ ಭಾಷೆ. ಬರೆದ ಸಾಲನ್ನು ಆಗಲೇ ಓಡಿಸಿ ನೋಡಬಹುದು ಎಂಬುದು ಅದರ ಅನುಕೂಲ. ಒಂದೊಂದು ಊರನ್ನೂ ಒಂದೊಂದು ಆಬ್ಜೆಕ್ಟ್ ಮಾಡಿದ್ದೆವು. ತನಗೆ ಬೇಕಾದ ಸಾಮಾನನ್ನೂ ತಾನು ಮಾಡಬೇಕಾದ ಕೆಲಸವನ್ನೂ ಒಳಗೇ ಇಟ್ಟುಕೊಂಡ ಡಬ್ಬಿ ಎಂದು ತಿಳಿದರೆ ಸಾಕು. ಊರಿನ ಡಬ್ಬಿಯಲ್ಲಿ ಊರಿನ ಹೆಸರು, ಅಲ್ಲಿಯವರ ನಂಬರುಗಳು, ಮತ್ತು ನೀರಿನ ಮಟ್ಟ ಹೇಳುವ ‘ಗುರುತು’. ಗುರುತು ತಾನೂ ಒಂದು ಸಣ್ಣ ಡಬ್ಬಿ. ಅದರಲ್ಲಿರುವ ಮಟ್ಟ ಬದಲಾದ ಕೂಡಲೇ ಅದನ್ನು ಹಿಡಿದುಕೊಂಡಿರುವ ಊರು ಹಳೆಯ ಮಟ್ಟದ ಜೊತೆ ಹೋಲಿಸಿ, ‘ಏರಿದೆ’ ಅಥವಾ ‘ಇಳಿದಿದೆ’ ಎಂದು ತನ್ನ ನಂಬರುಗಳಿಗೆ ಕಳಿಸುತ್ತದೆ.

ಮೊದಲ ಮಳೆಗಾಲದಲ್ಲಿ ಇದ್ದದ್ದು ನಂಜನಗೂಡು ಒಂದೇ. ಈ ಸಲ ನರಸೀಪುರವನ್ನೂ ಸೇರಿಸಿದೆವು. ಅಲ್ಲಿ ಸಂಗಮದ ಸೋಪಾನದ ಬಳಿ ಮನೆಯಿರುವ ನಿವೃತ್ತ ಬಸ್ ಕಂಡಕ್ಟರೊಬ್ಬರು ಅಲ್ಲಿಯ ಮೆಟ್ಟಿಲುಗಳ ಲೆಕ್ಕದಲ್ಲಿ ಅವೇ ನಾಲ್ಕು ಗುಂಡಿ ಒತ್ತಲು ಒಪ್ಪಿದರು. ಹೊಸ ಊರನ್ನು ಸೇರಿಸುವಾಗ ಖಾಲಿ ಡಬ್ಬಿಯಿಂದ ಶುರು ಮಾಡಬಹುದಿತ್ತು. ನಾವು ಹಾಗೆ ಮಾಡಲಿಲ್ಲ. ಈ ಹೊಳೆಯವರು ಯಾವುದನ್ನೂ ಮಂಟಪದಿಂದಲೇ ಶುರು ಮಾಡುವುದು. ನಾವೂ ನಂಜನಗೂಡಿನ ಡಬ್ಬಿಯನ್ನೇ ಪ್ರತಿ ಮಾಡಿ, ಹೆಸರು, ನಂಬರು ಬದಲಿಸಿ, ನರಸೀಪುರ ಎಂದು ಕರೆದೆವು. ಬೇಸಿಗೆಯಲ್ಲಿ ಪರೀಕ್ಷಿಸಿದಾಗ ಎರಡು ಕಡೆಯೂ ‘ಕಟ್ಟೆಗಿಂತ ಕೆಳಗೆ’ ಇತ್ತು. ಎರಡೂ ಸರಿಯಾಗಿ ಅದನ್ನೇ ತೋರಿಸಿದವು.

ಆ ಸೋಮವಾರ ನಾನು ಬಸ್ಸಿನಿಂದ ಇಳಿದು, ಜೆರಾಕ್ಸ್ ಅಂಗಡಿಯ ಮೇಲಿದ್ದ ನಮ್ಮ ಕೋಣೆಯ ಮೆಟ್ಟಿಲು ಹತ್ತುವಾಗಲೇ ಕ್ಷೌರಿಕರ ಫೋನು ಬಂತು.

“ಯಾವನ್ ಸಾ ಇಳ್ದದೆ ಅಂದೋನು? ಇಲ್ಲಿ ಕಂಬದ್ ಸೊಂಟಕ್ ಬಂದು ನಿಂತದೆ. ನಾನು ಸೊಂಟ ಅಂತ್ಲೇ ಒತ್ತಿದ್ದು. ನನ್ ಪೋನ್ಗೇ ಇಳ್ದದೆ ಅಂತ ವಾಪಸ್ ಬಂದದೆ. ತಮಾಸೆ ಮಾಡ್ತೀರಾ?”

“ಇನ್ನೊಂದ್ ಸಲ ಒತ್ತಿ,” ಎಂದೆ.

“ಒತ್ತೀನಿ. ಗುಂಡಿ ಸವೆದೋದ್ರೆ ನನ್ ಕೇಳ್ಬ್ಯಾಡಿ.”

ಒತ್ತಿದರು. ‘ಏರಿದೆ’ ಎಂದು ಹೋಯಿತು. ಮೇಡಂ ಆಗಲೇ ಬಂದು ಲ್ಯಾಪ್‌ಟಾಪ್ ತೆರೆದಿದ್ದರು. ಸಂದೇಶ ಕಳಿಸುವ ಕಂಪನಿಯವರ ಕಡೆಯಿಂದ ಹಳೆಯದೊಂದು ತಡವಾಗಿ ಬಂದಿರಬೇಕು ಎಂಬುದು ಅವರ ಊಹೆ. ನನಗೂ ಸರಿ ಎನಿಸಿತು. ಹೋದ ವಾರದ ಸಂದೇಶ ಇವತ್ತು ಬರುವುದನ್ನು ಎಲ್ಲರೂ ನೋಡಿದ್ದೇವೆ. ಅವರು ಸಮಯ ತಾಳೆ ನೋಡುತ್ತಿದ್ದಾಗಲೇ ಪರದೆಯ ಮೇಲೆ ಮತ್ತೊಂದು ಸಾಲು ಬಂತು: ನಂಜನಗೂಡು, ಇಳಿದಿದೆ. ತಡವಾಗಿ ಬಂದದ್ದಲ್ಲ, ಆ ಕ್ಷಣದಲ್ಲೇ ಹೊರಟದ್ದು.

“ನಾನೇನೂ ಮುಟ್ಟಿಲ್ಲ,” ಎಂದರು ಮೇಡಂ, ಎರಡೂ ಕೈಯನ್ನು ಕೀಲಿಮಣೆಯಿಂದ ಮೇಲೆತ್ತಿ.

ಇನ್ನು ಒತ್ತಬಲ್ಲವರು ಒಬ್ಬರೇ. ನರಸೀಪುರದ ಕಂಡಕ್ಟರಿಗೆ ಫೋನು ಮಾಡಿದೆ. ಅವರು ಸಿಟ್ಟಿನಲ್ಲೇ ಇದ್ದರು.

“ನಾನೇ ಮಾಡ್ಬೇಕು ಅಂತಿದ್ದೆ ಕಣ್ರೀ. ಏನ್ರೀ ಇದು? ನರಸೀಪುರದಲ್ಲಿ ಏರಿದೆ ಅಂತ ಊರಿಗೆಲ್ಲ ಮೆಸೇಜು! ನಾನು ಸೋಪಾನದ ಮೇಲೇ ನಿಂತಿದೀನಿ. ಮೆಟ್ಟಿಲು ಒಣಗಿಕೊಂಡು ಬಿದ್ದಿದೆ. ಜನ ನನ್ನ ಉಗೀತಾವ್ರೆ. ಅದಕ್ಕೇ ಕೆಳಗೆ ಅಂತ ತಿರುಗಾ ಒತ್ತಿದೆ.”

“ಎರಡನೇ ಸಲನಾ?”

“ಬೆಳಿಗ್ಗೆ ಒಂದ್ಸಲ, ಈಗೊಂದ್ಸಲ. ಇನ್ನೂ ಸುಳ್ಳು ಹೇಳಿದ್ರೆ ಇನ್ನೂ ಒತ್ತೀನಿ. ಸ್ಟೇಜು ತಪ್ಪಿ ಟಿಕೆಟ್ ಕೊಟ್ಟೋನಲ್ಲ ನಾನು.”

ದಯವಿಟ್ಟು ಇನ್ನು ಒತ್ತಬೇಡಿ ಎಂದೆ. ಅವರು ಹೇಳಿದ್ದು ನಿಜವೇ ಆಗಿತ್ತು. ನಂಜನಗೂಡಿನಲ್ಲಿ ಏರಿದ ನೀರು ನರಸೀಪುರ ಮುಟ್ಟಲು ಹೊತ್ತು ಹಿಡಿಯುತ್ತದೆ. ಒಂದೇ ಗಳಿಗೆಯಲ್ಲಿ ಇಲ್ಲಿ ಸೊಂಟ, ಅಲ್ಲಿ ಒಣ ಮೆಟ್ಟಿಲು. ಇಬ್ಬರೂ ಕಂಡದ್ದನ್ನೇ ಒತ್ತುತ್ತಿದ್ದರು. ಒಬ್ಬರು ಒತ್ತಿದ್ದನ್ನು ಇನ್ನೊಬ್ಬರು ಅಳಿಸುತ್ತಿದ್ದರು. ಯಾಕೆ ಎಂಬುದು ನಮಗೆ ಇನ್ನೂ ತಿಳಿದಿರಲಿಲ್ಲ.

ಆಮೇಲೆ ಫೋನು ಬಂದದ್ದು ಪಟ್ಟಿಯಲ್ಲಿದ್ದ ಒಬ್ಬ ರೈತರ ನಂಬರಿನಿಂದ. ನಂಜನಗೂಡಿನಿಂದ ಕೆಳಕ್ಕೆ ಹೊಳೆದಂಡೆಯ ಹಳ್ಳಿಯವರು, ಬಾಳೆ ಬೆಳೆಯುವವರು. ಮಾತಾಡಿದ್ದು ಅವರ ಹೆಂಡತಿ.

“ಸಾ, ಮೆಸೇಜ್ ಕಳ್ಸೋರು ನೀವೇಯಾ? ನಮ್ಮೆಜಮಾನ್ರು ಒಳೆ ತಾವಿಕ್ಕೆ ಓದ್ರು. ಇಳ್ದದೆ ಅಂತ ಬಂತಲ್ಲ, ಇದೇ ಟೈಮು ಮೋಟ್ರು ಬಿಚ್ಕಬತ್ತೀನಿ ಅಂದು ಅಗ್ಗ ತಕಂಡು ಓದ್ರು. ಈಗ ಪಕ್ಕದ್ ಒಲದೋರು ಬಂದು ನೀರು ಬಾಳೆ ಒಳಿಕ್ ನುಗ್ಗದೆ ಅಂತಾವ್ರೆ. ಇಳ್ದದಾ, ಇಲ್ವಾ?”

“ಇಳಿದಿಲ್ಲಮ್ಮ. ಏರ್ತಾ ಇದೆ. ಅವರಿಗೆ ಫೋನ್ ಮಾಡಿ, ತಕ್ಷಣ ವಾಪಸ್ ಬರಕ್ಕೆ ಹೇಳಿ.”

“ಪೋನು ಚಾರ್ಜ್ಗಾಕಿ ಓಗವ್ರೆ. ಅವ್ರ್ ಪೋನಲ್ಲೇ ನಿಮ್ತಾವ ಮಾತಾಡ್ತಿವ್ನಿ.”

ಅಕ್ಕಪಕ್ಕದವರು ಯಾರಾದರೂ ಮೇಲಿನ ಬದುವಿನ ಮೇಲೆ ನಿಂತು ಕೂಗಲಿ, ಯಾರೂ ನೀರಿಗೆ ಇಳಿಯುವುದು ಬೇಡ ಎಂದೆ. ಮೋಟಾರು ಇರುವ ಪಂಪ್‌ಹೌಸ್ ಯಾವ ಕಡೆ ಎಂದು ಅವರಿಂದಲೇ ಕೇಳಿಕೊಂಡು, ಅಗ್ನಿಶಾಮಕದವರಿಗೆ ಫೋನು ಮಾಡಿ ಹಳ್ಳಿಯ ಹೆಸರು, ದಿಕ್ಕು ಹೇಳಿದೆ. ಎಷ್ಟು ಜನ ಸಿಕ್ಕಿಕೊಂಡಿದ್ದಾರೆ ಎಂದರು. ಒಬ್ಬರು, ಸಿಕ್ಕಿಕೊಂಡಿದ್ದಾರೋ ಇಲ್ಲವೋ ಖಚಿತವಿಲ್ಲ ಎಂದೆ. ಬೋಟು ತೆಗೆದುಕೊಂಡು ಹೊರಡುತ್ತೇವೆ ಎಂದರು.

ಮೇಡಂ ಪ್ರೋಗ್ರಾಮನ್ನು ನಿಲ್ಲಿಸಲು ಹೊರಟಿದ್ದರು. ನಾನು ತಡೆದೆ.

“ನಿಲ್ಲಿಸಿದರೆ ಕೊನೆಗೆ ಉಳಿಯೋದು ‘ಇಳಿದಿದೆ’. ಮೊದಲು ಅದನ್ನ ತಿದ್ದಿ.”

“ತಿದ್ದಿದರೆ ನರಸೀಪುರಕ್ಕೂ ಹೋಗತ್ತೆ. ಅವರು ಮತ್ತೆ ಒತ್ತುತ್ತಾರೆ.”

“ಒತ್ತಬೇಡಿ ಅಂದಿದೀನಿ.”

“ಆ ಮನುಷ್ಯ ಸುಮ್ನಿರ್ತಾರಾ? ನಿಮಗೆ ನಂಬಿಕೆ ಇದೆಯಾ?”

ಇರಲಿಲ್ಲ. ಮೇಡಂ ಊರಿನ ಡಬ್ಬಿಗಳನ್ನೆಲ್ಲ ಬದಿಗಿಟ್ಟು, ನಂಜನಗೂಡಿನ ನಂಬರುಗಳಿಗೆ ಕೈಯಿಂದಲೇ ಬರೆದು ಕಳಿಸಿದರು: ‘ಹಿಂದಿನ ಸಂದೇಶ ತಪ್ಪು. ನೀರು ಇಳಿದಿಲ್ಲ, ಏರುತ್ತಿದೆ. ಹೊಳೆಗೆ ಹೋಗಬೇಡಿ.’ ಆಮೇಲೆ ಪ್ರೋಗ್ರಾಮನ್ನು ನಿಲ್ಲಿಸಿದರು. ಹಾಗೆಯೇ ಬಿಡುವಂತಿರಲಿಲ್ಲ. ಇಲ್ಲಿ ಹಾದುಹೋಗುತ್ತಿದ್ದ ನೀರು ನರಸೀಪುರದ ಕಡೆಗೇ ಹೊರಟಿತ್ತು, ಅಲ್ಲಿಯ ಜನಕ್ಕೆ ಆ ಬೆಳಗ್ಗೆ ನಾವು ಎರಡೂ ಮಾತು ಹೇಳಿಯಾಗಿತ್ತು.

ನಾನು ಫೋನು ಹಿಡಿದು ಕಿಟಕಿಯ ಹತ್ತಿರ, ಅವರು ಪರದೆಯ ಮುಂದೆ. ಎರಡು ಊರೂ ಒಂದೇ ಡಬ್ಬಿ ಆಗಿಬಿಟ್ಟಿದೆಯಾ ಎಂಬುದು ಅವರ ಮುಂದಿನ ಅನುಮಾನ. ಪ್ರತಿ ಆಬ್ಜೆಕ್ಟಿಗೂ ಯಂತ್ರದೊಳಗೆ ಅದರದೇ ಒಂದು ಸಂಖ್ಯೆ ಇರುತ್ತದೆ, ಕೇಳಿದರೆ ಹೇಳುತ್ತದೆ. ನಂಜನಗೂಡಿನದನ್ನು ಕೇಳಿದರು, ನರಸೀಪುರದ್ದನ್ನು ಕೇಳಿದರು. ಎರಡೂ ಬೇರೆ ಬೇರೆ.

“ಡಬ್ಬಿ ಬೇರೇನೇ ಇದೆ. ಹಾಗಾದ್ರೆ ಹೋಲಿಸೋ ಕಡೆ ತಪ್ಪಿರಬೇಕು.” ಹೋಲಿಸುವ ಸಾಲುಗಳನ್ನು ತೆರೆದು ಒಂದೊಂದಾಗಿ ಓದತೊಡಗಿದರು. ನಾನೂ ಹಿಂದೆ ನಿಂತು ಓದಿದೆ. ತಪ್ಪು ಕಾಣಲಿಲ್ಲ.

ಅಷ್ಟರಲ್ಲಿ ಆ ಹೆಣ್ಣುಮಗಳು ಮತ್ತೆ ಫೋನು ಮಾಡಿದರು. ಹಿಂದೆ ಹಲವರು ಒಟ್ಟಿಗೆ ಮಾತಾಡುತ್ತಿದ್ದರು.

“ಕಾಣ್ತಾವ್ರೆ ಸಾ. ಪಂಪ್‌ಹೌಸ್ ಮೇಲತ್ತಿ ಕುಂತವ್ರೆ. ಸುತ್ತ ನೀರು. ಕೂಗುದ್ರೆ ಕೈ ಬೀಸ್ತಾವ್ರೆ.”

“ಅಲ್ಲೇ ಕೂತಿರಕ್ಕೆ ಹೇಳಿ. ಈಜಕ್ಕೆ ನೋಡಬಾರದು. ಬೋಟು ಹೊರಟಿದೆ.”

“ಆ ಪಂಪ್ ಮನೆ ಮೊನ್ನೆ ಮೊನ್ನೆ ಕಟ್ಸುದ್ದು, ಗೋಡೆ ಇನ್ನೂ ಅಸಿ. ತಡಿತದಾ ಸಾ?”

“ಗೊತ್ತಿಲ್ಲಮ್ಮ,” ಎಂದೆ.

ಮೇಡಂ ಇದನ್ನೆಲ್ಲ ಕೇಳಿಸಿಕೊಂಡರು. ಓದುವುದನ್ನು ನಿಲ್ಲಿಸಿ, ಒಂದು ಸಾಲು ಬರೆದು, ನಂಜನಗೂಡಿನ ಗುರುತನ್ನು ‘ತಲೆ’ಗೆ ಏರಿಸಿದರು. ಸಂದೇಶ ಹೊರಡದಂತೆ ಆ ದಾರಿ ಮುಚ್ಚಿದ್ದರು. ನರಸೀಪುರದ ಗುರುತು ಏನು ಎಂದು ಕೇಳಿದರು. ತಲೆ ಎಂದು ಬಂತು. ಊರುಗಳ ಸಂಖ್ಯೆ ಬಿಟ್ಟು, ಈಗ ಒಳಗಿನ ಗುರುತುಗಳ ಸಂಖ್ಯೆ ಕೇಳಿದರು. ಎರಡು ಸಾಲಿನಲ್ಲೂ ಒಂದೇ ಸಂಖ್ಯೆ.

“ಇಲ್ಲಿದೆ ನೋಡಿ. ಪ್ರತಿ ಮಾಡಿದಾಗ ಹೊರಗಿನ ಡಬ್ಬಿ ಮಾತ್ರ ಹೊಸದಾಯ್ತು. ಗುರುತಿಗೆ ಪ್ರತಿ ಆಗಿಲ್ಲ. ನರಸೀಪುರ ನಂಜನಗೂಡಿನ ಗುರುತನ್ನೇ ಹಿಡ್ಕೊಂಡಿದೆ.”

“ಕಂಡಕ್ಟರ್ ಒತ್ತಿದಾಗೆಲ್ಲ…”

“ಮಂಟಪದ ನೀರು ಇಳಿಸಿದಾರೆ.”

ತಿದ್ದಿದ್ದು ಸಣ್ಣದು. ಪ್ರತಿ ಮಾಡುವ ಸಾಲನ್ನು ಅಳಿಸಿ, ಒಂದೊಂದು ಊರೂ ಹುಟ್ಟುವಾಗಲೇ ತನ್ನದೊಂದು ಹೊಸ ಗುರುತನ್ನು ತಾನೇ ಮಾಡಿಕೊಳ್ಳುವಂತೆ ಬರೆದರು. ಕಳಿಸುವ ದಾರಿಯನ್ನು ಮುಚ್ಚಿಯೇ ಇಟ್ಟು ನಂಜನಗೂಡನ್ನು ಸೊಂಟಕ್ಕೆ ಏರಿಸಿದೆವು, ನರಸೀಪುರ ಅಲುಗಲಿಲ್ಲ. ನರಸೀಪುರವನ್ನು ಕಟ್ಟೆಗೆ ಏರಿಸಿ ಮತ್ತೆ ಇಳಿಸಿದೆವು, ನಂಜನಗೂಡು ಅಲುಗಲಿಲ್ಲ. ನಾನು ಇನ್ನೊಂದು ಸಲ ಮಾಡಿಸಿದೆ. ಮೇಡಂ ಬೇಸರಿಸದೆ ಮಾಡಿದರು.

ದಾರಿ ತೆರೆಯುವ ಮುನ್ನ ಇನ್ನೊಂದು ಮಾತು ನಡೆಯಿತು. ‘ಏರಿದೆ’ ಮತ್ತು ‘ಇಳಿದಿದೆ’ ಎರಡನ್ನೂ ನಾವು ಒಂದೇ ತೂಕದಲ್ಲಿ ಇಟ್ಟಿದ್ದೆವು. ಏರಿದೆ ಎಂಬುದು ತಪ್ಪಾದರೆ ಜನ ಬೈಯುತ್ತಾರೆ. ಇಳಿದಿದೆ ಎಂಬುದು ತಪ್ಪಾದರೆ ಹೊಳೆಗೆ ಹೋಗುತ್ತಾರೆ. ಡೆಸ್ಕಿನಲ್ಲಿ ಸಾವಿನ ಸುದ್ದಿಯನ್ನು ಒಬ್ಬರ ಮಾತಿನ ಮೇಲೆ ಹಾಕುತ್ತಿರಲಿಲ್ಲ ಎಂದು ಹೇಳಿದೆ. ಇಳಿದದ್ದನ್ನು ಇನ್ನು ಪ್ರೋಗ್ರಾಂ ತಾನೇ ಹೇಳುವುದು ಬೇಡ, ನೋಡಿದವರಿಗೆ ಫೋನು ಮಾಡಿ ಕೇಳಿದ ಮೇಲೆ ನಮ್ಮಿಬ್ಬರಲ್ಲಿ ಒಬ್ಬರು ಕಳಿಸೋಣ ಎಂದು ತೀರ್ಮಾನವಾಯಿತು. ಡಬ್ಬಿಯಿಂದ ಆ ಕೆಲಸವನ್ನು ಮೇಡಂ ತೆಗೆದುಹಾಕಿ, ದಾರಿ ತೆರೆದರು.

ಕಂಡಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ.

“ನಾನ್ ಒತ್ತಿದ್ದಕ್ಕೆ ಆ ಮನುಷ್ಯ ಅಲ್ಲಿ ಕೂತವ್ನಾ?”

“ನೀವು ಒತ್ತಿದ್ದು ಸರಿಯಾಗೇ ಇತ್ತು. ಅದು ಹೋಗಿ ಬಿದ್ದ ಜಾಗ ತಪ್ಪು.”

“ಸಿಕ್ಕಿದ್ರೆ ನಂಗೊಂದ್ ಫೋನ್ ಮಾಡ್ರಿ,” ಎಂದರು.

ಮಧ್ಯಾಹ್ನದ ಹೊತ್ತಿಗೆ ನರಸೀಪುರದ ಮೊದಲ ಮೆಟ್ಟಿಲುಗಳು ಮುಳುಗಿದವು. ಅವರು ಒತ್ತಿದರು. ಸಂದೇಶ ನರಸೀಪುರದವರಿಗೆ ಮಾತ್ರ ಹೋಯಿತು. ಅದನ್ನು ನಾವು ಪರದೆಯ ಮೇಲೆ ನೋಡಿದೆವು. ಬೋಟಿನ ಸುದ್ದಿ ಇನ್ನೂ ಬಂದಿರಲಿಲ್ಲ. ಮೇಡಂ ಕಾಲೇಜಿಗೆ ಫೋನು ಮಾಡಿ ಮಧ್ಯಾಹ್ನದ ತರಗತಿಗೆ ಬರುವುದಿಲ್ಲ ಎಂದರು. ಪಕ್ಕದ ಹೋಟೆಲಿನಿಂದ ತರಿಸಿದ ಟೀ ಹಾಗೆಯೇ ಆರಿಹೋಯಿತು.

ಬೋಟು ಮೊದಲ ಸಲ ಪಂಪ್‌ಹೌಸಿನ ಹತ್ತಿರ ಹೋಗಲು ಆಗದೆ ವಾಪಸಾಯಿತು. ಸೆಳೆತ ಹೆಚ್ಚಿತ್ತು. ಮೇಲಿನಿಂದ ಸುತ್ತಿ ಬಂದು, ಬಾಳೆ ಸಾಲಿನ ಮಧ್ಯೆ ಹಗ್ಗ ಕಟ್ಟಿ, ಎರಡನೆಯ ಸಲ ರೈತರನ್ನು ಹತ್ತಿಸಿಕೊಂಡರು. ಇದನ್ನು ಹೇಳಿದ್ದು ಬದುವಿನ ಮೇಲೆ ನಿಂತಿದ್ದ ನೆರೆಯವರು. ಆ ಹೆಣ್ಣುಮಗಳು ಫೋನು ಅವರ ಕೈಗೆ ಕೊಟ್ಟು ಮುಂದೆ ಓಡಿದ್ದರು. ಕಂಡಕ್ಟರಿಗೆ ತಿಳಿಸಿದೆ. “ಆಯ್ತು” ಎಂದಷ್ಟೇ ಹೇಳಿ ಇಟ್ಟರು.

ನೀರು ಇಳಿದ ಮೇಲೆ, ಇಳಿದಿದೆಯೇ ಎಂದು ಕ್ಷೌರಿಕರನ್ನೂ ಕೇಳಿ, ನಾನೂ ಹೋಗಿ ಮಂಟಪವನ್ನು ನೋಡಿ ಬಂದ ಮೇಲೆ, ಮೇಡಂ ಮತ್ತು ನಾನು ಆ ಹಳ್ಳಿಗೆ ಹೋದೆವು. ರೈತರು ಜಗಲಿಯ ಮೇಲೆ ಕೂತಿದ್ದರು. ಮೊಣಕೈಗೆ ಪಟ್ಟಿ ಕಟ್ಟಿತ್ತು. ನಡೆದದ್ದನ್ನು ಮೇಡಂ ವಿವರಿಸಿದರು: ಡಬ್ಬಿ, ಒಳಗಿನ ಡಬ್ಬಿ, ಪ್ರತಿ. ಅವರು ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ ನರಸೀಪುರ್‌ದೋರ್ ಮೆಟ್ಲು ನೋಡ್ಕಂಡು ನಾನು ಇಲ್ಲಿ ಇಳ್ದೆ ಅನ್ನಿ.”

“ಹೌದು,” ಎಂದರು ಮೇಡಂ.

“ಚಂದಾಗದೆ. ನಮ್ ಬೀಗ್ರೂರು ಅದು. ಅವ್ರ್ ಮಾತ್ ಕೇಳಿ ನಾನ್ ಯಾವತ್ತೂ ಉದ್ಧಾರಾಗಿಲ್ಲ.”

ಹೆಂಡತಿ ಒಳಗಿನಿಂದಲೇ ಬೈದರು: “ಕುಂತ್ಕಂಡು ಆಡ್ಕಳಿ ಇನ್ನ. ನೀರು ಅತ್ತಾಗ್ ಎಳ್ಕಂಡ್ ಓಗಿದ್ರೆ ಗೊತ್ತಾಗೋದು.” ಆಮೇಲೆ ಹೊರಗೆ ಬಂದು ನನ್ನನ್ನು ಕೇಳಿದರು: “ಇನ್ಮ್ಯಾಕೆ ಅದು ಸರ್ಯಾಗ್ ಏಳ್ತದಾ ಸಾ?”

ಏರಿದ್ದನ್ನು ಹೇಳುತ್ತದೆ, ಇಳಿದದ್ದನ್ನು ನಾವು ವಿಚಾರಿಸಿ ಹೇಳುತ್ತೇವೆ, ಆದರೂ ಕಣ್ಣಾರೆ ನೋಡದೆ ಹೋಗಬೇಡಿ ಎಂದೆ.

“ಅಂಗಾರೆ ಇವ್ರ್ ನಂಬರ್ ತೆಗ್ದಾಕಿ. ನನ್ ನಂಬರ್ ಬರ್ಕಳಿ. ಇಳ್ದದಾ ಇಲ್ವಾ ಅನ್ನದ ಇನ್ ನಾನ್ ಏಳ್ತೀನಿ ಇವ್ರಿಗೆ.”

ಮೇಡಂ ಅಲ್ಲೇ ಫೋನು ತೆಗೆದು ನಂಬರು ಬದಲಿಸಿದರು.

ಮೋಟಾರು ಸಿಕ್ಕಿಲ್ಲ. ಪಂಪ್‌ಹೌಸಿನ ಒಂದು ಗೋಡೆ ಬಿರುಕು ಬಿಟ್ಟಿದೆ, ಬಿದ್ದಿಲ್ಲ. ಆಗಸ್ಟಿನಲ್ಲಿ ಹೊಳೆ ಇನ್ನೊಮ್ಮೆ ಏರಿ ಮಂಟಪದ ಕಟ್ಟೆ ಮುಟ್ಟಿತು. ಆ ರೈತರ ಮನೆಗೆ ಸಂದೇಶ ಹೆಂಡತಿಯ ನಂಬರಿಗೆ ಹೋಯಿತು. ಇಳಿದ ಸಂದೇಶವನ್ನು ಕಳಿಸುವ ಮೊದಲೇ ಅವರು ಫೋನು ಮಾಡಿ, ಇಳಿದಿದೆಯೇ ಎಂದು ಕೇಳಿದರು. ಇನ್ನೂ ಇಲ್ಲ ಎಂದು ಮೇಡಂ ಹೇಳಿದರು. ಅವತ್ತು ಅವರ ಮನೆಯಿಂದ ಯಾರೂ ಹೊಳೆಗೆ ಹೋಗಲಿಲ್ಲ.