ಮೂಡಗಾಳಿಗೆ ಕಟ್ಟಿದ ಹಾಯಿ

ಆಗಿನ್ನೂ ಕೃಷ್ಣೆಗೆ ನಮ್ಮ ಕಡೆ ಸೇತುವೆ ಇರಲಿಲ್ಲ. ರಬಕವಿಯ ನಮ್ಮ ಓಣಿ ಮಗ್ಗದ ಸದ್ದಿಗೆ ಏಳುತ್ತಿತ್ತು, ಅದೇ ಸದ್ದಿಗೆ ಮಲಗುತ್ತಿತ್ತು. ನಾನು ಕನ್ನಡ ಸಾಲಿಯ ನಾಲ್ಕನೇ ಇಯತ್ತೆಯ ಹುಡುಗಿ. ಹೊಳೆಯಾಚೆ ನಮ್ಮದೊಂದು ತುಂಡು ಜೋಳದ ಹೊಲ, ಹೋಗಿಬರಲು ಒಂದು ಸಣ್ಣ ದೋಣಿ. ಹುಟ್ಟು ಹಾಕುತ್ತಿದ್ದವನು ಅಪ್ಪ. ಆ ವರ್ಷ ಅವನು ಅಟ್ಟದಿಂದ ಬಿದ್ದು ಭುಜ ಮುರಿದುಕೊಂಡ. ಎಲುಬು ಕೂಡಿತು, ನಿಧಾನಕ್ಕೆ ಮಗ್ಗವೂ ನಡೆಯಿತು. ಹುಟ್ಟು ಎಳೆಯುವ ಶಕ್ತಿ ಮಾತ್ರ ತಿರುಗಿ ಬರಲಿಲ್ಲ.

"ದೋಣಿ ಕೊಟ್ಟಬಿಡ್ರಿ, ಹೊಲಾ ಯಾರಿಗರ ಲಾವಣಿಗೆ ಕೊಡ್ರಿ," ಅಂದಳು ಅವ್ವ. "ನಡುನೀರಾಗ ಏನರ ಆದ್ರ ಯಾರು ಬರತಾರ?"

ಸೀರೆ ಮಾರಲು ಕೊಂಕಣಕ್ಕೆ ಹೋದಾಗ ಅಪ್ಪ ಹಾಯಿದೋಣಿ ನೋಡಿದ್ದ. ಒಂದು ಬಿದಿರಿನ ಗಳ ತಂದು, ದೋಣಿಯ ಅಡ್ಡಹಲಗೆಗೆ ತೂತು ಕೊರೆದು ಕಂಬ ನಿಲ್ಲಿಸಿದ. ತುದಿಯಿಂದ ಹಿಂದಕ್ಕೆ, ಮುಂದಕ್ಕೆ, ಎರಡೂ ಮಗ್ಗುಲಿಗೆ ಹಗ್ಗ ಎಳೆದು ಕಟ್ಟಿದ. ಹಾಯಿ ಹೊಲಿದವಳು ಅವ್ವನೇ, ಮುಖ ಬಿಗಿದುಕೊಂಡು. ಮಗ್ಗದಿಂದ ಇಳಿಸಿದ ಆ ದಪ್ಪ ಬಟ್ಟೆಗೆ ಇನ್ನೂ ಗಂಜಿಯ ವಾಸನೆ ಇತ್ತು.

ಮಗ್ಗದ ಹಾಸಿನ ಎಳೆಯ ಬಿಗಿ ನೋಡುವ ಹಾಗೆ ಅಪ್ಪ ಹಗ್ಗಗಳನ್ನು ಬೆರಳಿನಿಂದ ಮೀಟುತ್ತಿದ್ದ. "ನೀನೂ ಮೀಟಿ ನೋಡು, ಶಾಂತಾ. ಎರಡೂ ಮಗ್ಗಲಾಗ ಒಂದ ಸಪ್ಪಳ ಬರಬೇಕು. ಇಲ್ಲಂದ್ರ ಕಂಬ ವಾಲತೈತಿ."

ಸಪ್ಪಳ ಸರಿಯಾಯಿತು, ದೋಣಿ ಮಾತ್ರ ಮಾತು ಕೇಳಲಿಲ್ಲ. ಮೂಡಗಾಳಿ ಹಾಯಿಗೆ ತುಂಬಿದ ಕೂಡಲೇ ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸಿ ನಿಂತುಬಿಡುತ್ತಿತ್ತು. ದಿಕ್ಕು ತಿರುಗಿಸುವ ಹಿಂದಿನ ಹುಟ್ಟು ಒತ್ತಿ ಒತ್ತಿ ಅಪ್ಪನ ಭುಜ ಬಾತುಕೊಂಡಿತು. ಎಳ್ಳ ಅಮಾವಾಸ್ಯೆ ಬಂದೇ ಬಿಟ್ಟಿತ್ತು. ಅಂದು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಎಡೆಯ ಚರಗ ಚೆಲ್ಲದೆ ಇರುವುದುಂಟೆ? ಈ ಸಲ ಆಗದಿದ್ದರೆ ದೋಣಿ ಕೊಟ್ಟುಬಿಡುತ್ತೇನೆ ಎಂದು ಅಪ್ಪನೇ ಒಪ್ಪಿಕೊಂಡಿದ್ದ.

ಅಮಾವಾಸ್ಯೆಯ ಹಿಂದಿನ ದಿನ ಅವ್ವ ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಗಾಳಿ ದೋಣಿ ಹಿಂಭಾಗಾನ ದಬ್ಬಾಕತ್ತೈತಿ. ಅದಕ್ಕ ಮೂತಿ ತಿರಗತೈತಿ. ಕಂಬಾ ಒಂದೀಟು ಮುಂದಕ ಬಾಗಸ್ರಿ, ಹಾಯಿ ಮುಂದ ಸರೀತೈತಿ."

"ನಿನಗ ಹೆಂಗ ಗೊತ್ತಾತು?"

"ದಿನಾ ಇಲ್ಲೇ ಕುಂತು ಅದನ್ನ ನೋಡಾಕತ್ತೇನಲ್ಲ."

ಅಪ್ಪ ಹಿಂದಿನ ಹಗ್ಗ ಸಡಿಲಿಸಿದ, ನಾನು ಮುಂದಿನದನ್ನು ಜಗ್ಗಿ ಹಿಡಿದೆ. ಕಂಬದ ಹಿಂದೆ ತೂತಿಗೊಂದು ಬೆಣೆ ಬಡಿದ. ಮಗ್ಗುಲ ಹಗ್ಗ ಮತ್ತೆ ಬಿಗಿದೆವು, ಮತ್ತೆ ಮೀಟಿದೆವು. ದೋಣಿ ನಡುಹೊಳೆಗೆ ನೆಟ್ಟಗೆ ಹೋಗಿ ನೆಟ್ಟಗೆ ಬಂತು. ಹುಟ್ಟಿನ ಮೇಲೆ ಅಪ್ಪ ಬರೀ ಅಂಗೈ ಇಟ್ಟಿದ್ದ. ಅವ್ವ ಅರಿವೆ ಹಿಂಡುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ಮರುದಿನ ಅವಳೂ ದೋಣಿ ಹತ್ತಿದಳು. ತೊಡೆಯ ಮೇಲಿನ ಬುಟ್ಟಿಯಲ್ಲಿ ಸಜ್ಜಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ನಡುಹೊಳೆಯಲ್ಲಿ ಗಾಳಿ ಒಮ್ಮೆಲೇ ಬೀಸಿ ದೋಣಿ ಮಗ್ಗುಲಾಯಿತು, ನೀರು ಅಂಚಿಗೆ ಬಂತು, ಹಗ್ಗ ಗುಂಯ್ ಅಂದಿತು. ಅವ್ವ ಬುಟ್ಟಿ ಬಿಟ್ಟು ನನ್ನ ತೋಳು ಹಿಡಿದಳು. ಅಪ್ಪ ಕೈಯಲ್ಲಿ ಹಿಡಿದಿದ್ದ ಹಾಯಿಯ ಹಗ್ಗ ಸಡಿಲ ಬಿಟ್ಟ. ದೋಣಿ ಎದ್ದು ಸರಿಯಾಯಿತು. ಆಮೇಲೆ ಅವ್ವನೇ ನಗಲು ಶುರುಮಾಡಿದಳು. ನಾವೂ ನಕ್ಕೆವು.

ಚರಗ ಚೆಲ್ಲಿ, ಜೋಳದ ನಡುವೆ ಕೂತು ಉಂಡು, ಹೊತ್ತು ಇಳಿಯುವಾಗ ಹೊರಟೆವು. ಅವ್ವ ಕೈ ಚಾಚಿದಳು. "ಕೊಡ್ರಿಲ್ಲೆ ಹಾಯಿ ಹಗ್ಗ. ನಿಮ್ಮ ಭುಜಕ್ಕ ಇವತ್ತಿಗೆ ಸಾಕು."

ದೋಣಿ ಕೊಡುವ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ಗಾಳಿ ಇಲ್ಲದ ದಿನ ಮೂವರೂ ದಂಡೆಯಲ್ಲಿ ಕೂತು ಅದಕ್ಕಾಗಿ ಕಾಯುತ್ತಿದ್ದೆವು.

ಈಗ ಸೇತುವೆಯಾಗಿದೆ, ಆಚೆ ದಂಡೆಗೆ ಬಸ್ಸಿದೆ. ಕಿಟಕಿಯಿಂದ ಹೊಳೆ ಕಾಣುವಷ್ಟರಲ್ಲಿ ದಾಟಿಯೇ ಆಗಿರುತ್ತದೆ. ಅಪ್ಪ, ಅವ್ವ ಇಬ್ಬರೂ ಇಲ್ಲ. ದಾಟುವುದು ಎಷ್ಟು ಸಲೀಸಾಯಿತು ಅಂದುಕೊಳ್ಳುತ್ತೇನೆ. ಆದರೆ ಮೂವರೂ ಕೂಡಿ ಒಂದು ಗಾಳಿಯನ್ನು ಕಾಯುತ್ತ ಕೂತಿದ್ದ ಅಷ್ಟು ದೊಡ್ಡ ಹೊತ್ತು ಆಮೇಲೆ ನನಗೆ ಯಾವ ದಂಡೆಯಲ್ಲೂ ಸಿಗಲಿಲ್ಲ.